ದೂರದ ಬೆಟ್ಟದ ಕೆಳಗಿನ ಊರುಗಳು

(ಒಬ್ಬ ವಿದ್ಯಾರ್ಥಿ, ಅಂತಿಮ ಬಿ. ಎ.)

"ದೇಶ ಸುತ್ತು, ಕೋಶ ಓದು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಶ ಸುತ್ತುವುದಕ್ಕೆ ಹಣ ಬೇಕು, ಬಿಡುವು ಬೇಕು. ಕೋಶ ಓದುವುದಕ್ಕೆ ಗ್ರಂಥಾಲಯದ ಚೀಟಿಯೊಂದಿದ್ದರೆ ಸಾಕು. ಮೊದಲನೆಯದು ಸದ್ಯಕ್ಕೆ ಒದಗದ ನನ್ನಂಥವರು ಎರಡನೆಯದರಿಂದಲೇ ಮೊದಲನೆಯದರ ಆಸೆಯನ್ನೂ ತೀರಿಸಿಕೊಳ್ಳಬೇಕಾಗಿದೆ. ಈ ಲೇಖನ ಅಂಥದೊಂದು ಪ್ರಯತ್ನ. ಇದರಲ್ಲಿ ಬರುವ ಯಾವ ಊರನ್ನೂ ನಾನು ಕಣ್ಣಾರೆ ಕಂಡಿಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವುದು ನ್ಯಾಯ.

ಕಳೆದ ವರ್ಷ ನಮ್ಮ ಭೂಗೋಳದ ಅಧ್ಯಾಪಕರು ತರಗತಿಯಲ್ಲಿ ಯುರೋಪಿನ ನಕ್ಷೆಯನ್ನು ತೂಗುಹಾಕಿ, ಆಲ್ಪ್ಸ್ ಪರ್ವತಗಳಲ್ಲಿರುವ ಹತ್ತಾರು ವಿಹಾರಧಾಮಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟರು. "ನೀವು ಆ ಊರಿನಲ್ಲಿ ಒಂದು ವಾರ ತಂಗಿದ್ದೀರಿ ಎಂದುಕೊಳ್ಳಿ. ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಹಿಂದಿರುಗಬೇಕು. ಸುತ್ತಲಿನ ಯಾವ ಯಾವ ಪಟ್ಟಣಗಳಿಗೆ ಹೋಗಿಬರಬಹುದು? ಹೋದಲ್ಲಿ ಏನು ಕಾಣುತ್ತದೆ? ಅದು ಹಾಗೇಕೆ ಇದೆ? ನಕ್ಷೆ ಮತ್ತು ರೈಲಿನ ವೇಳಾಪಟ್ಟಿ ಇವೆರಡನ್ನು ಮುಂದಿಟ್ಟುಕೊಂಡು ಉತ್ತರ ಹುಡುಕಿ" ಎಂದರು. ನನ್ನ ಪಾಲಿಗೆ ಬಂದ ಚೀಟಿಯಲ್ಲಿದ್ದುದು ಸ್ವಿಟ್ಜರ್ಲೆಂಡಿನ ಜರ್ಮಾಟ್.

ಬೆಳಿಗ್ಗೆ ಹೋಗಿ ಸಂಜೆ ಬರುವುದು ನನಗೆ ಹೊಸದೇನಲ್ಲ. ನಮ್ಮ ಹಳ್ಳಿಯಿಂದ ಕಾಲೇಜಿಗೆ ಮೂರು ವರ್ಷಗಳಿಂದ ನಾನು ಮಾಡುತ್ತಿರುವುದು ಅದನ್ನೇ. ಬೆಳಗಿನ ಬಸ್ಸು ಮೊದಲು ಗುಡ್ಡದ ಮೇಲಕ್ಕೆ ಹೋಗುತ್ತದೆ. ನನ್ನ ತಾಯಿ ಅದರಲ್ಲಿ ಹೋಗುತ್ತಾಳೆ. ಗುಡ್ಡದ ಮೇಲಿನ ಒಂದು ವಸತಿಗೃಹದಲ್ಲಿ ಅವಳಿಗೆ ಕೆಲಸ. ಆಮೇಲೆ ಅದೇ ಬಸ್ಸು ತಿರುಗಿ ಬಂದು ನನ್ನನ್ನು ಹತ್ತಿಸಿಕೊಂಡು ಪಟ್ಟಣಕ್ಕೆ ಇಳಿಯುತ್ತದೆ. ಈ ಸಂಗತಿಗೂ ಜರ್ಮಾಟಿಗೂ ಸಂಬಂಧವಿರಬಹುದೆಂದು ಆಗ ನನಗೆ ಹೊಳೆದಿರಲಿಲ್ಲ.

ಊರಿನ ನೆಲೆ

ಜರ್ಮಾಟ್ ಸ್ವಿಟ್ಜರ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ವಾಲೇ ಎಂಬ ಪ್ರಾಂತದಲ್ಲಿದೆ. ಜರ್ಮನ್ ಮಾತನಾಡುವವರು ಆ ಪ್ರಾಂತವನ್ನು ವಾಲಿಸ್ ಎನ್ನುತ್ತಾರೆ. ಊರು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಇದಕ್ಕಿಂತ ಸುಮಾರು 300 ಮೀಟರ್ ಹೆಚ್ಚು ಎತ್ತರದಲ್ಲಿದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಎತ್ತರವಿರುವುದು ಊರಿಗಲ್ಲ, ಅದರ ಸುತ್ತಲಿನ ಗೋಡೆಗೆ. ನೈಋತ್ಯದಲ್ಲಿ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಒಂಟಿಯಾಗಿ ನಿಂತಿದೆ. ಆಗ್ನೇಯದಲ್ಲಿ ಮಾಂಟೆ ರೋಸಾ ಸಮೂಹವಿದೆ. ಅದರ 4,634 ಮೀಟರ್ ಎತ್ತರದ ಡುಫೂರ್ ಶಿಖರವೇ ಸ್ವಿಟ್ಜರ್ಲೆಂಡಿನಲ್ಲೆಲ್ಲ ಎತ್ತರವಾದುದು. ಈ ಶಿಖರಗಳ ಸಾಲೇ ಇಟಲಿಯ ಗಡಿ. ಆದುದರಿಂದ ಜರ್ಮಾಟ್ ಒಂದು ಓಣಿಯ ಕೊನೆಯ ಮನೆಯಿದ್ದಂತೆ. ಅಲ್ಲಿಂದ ಹೊರಡಬೇಕಾದವರಿಗೆ ಇರುವ ಹೆಬ್ಬಾಗಿಲು ಒಂದೇ. ಅದು ಉತ್ತರಕ್ಕೆ, ಕಣಿವೆಯ ಕೆಳಕ್ಕೆ.

ನೂರೆಪ್ಪತ್ತು ವರ್ಷಗಳ ಹಿಂದೆ ಇದು ದನ, ಕುರಿ, ಸ್ವಲ್ಪ ರೈ ಧಾನ್ಯ ಇವುಗಳಿಂದ ಬದುಕುತ್ತಿದ್ದ ಬಡ ಹಳ್ಳಿ. 1865ನೆಯ ಇಸವಿ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಆಂಗ್ಲ ತರುಣನೂ ಅವನ ಆರು ಮಂದಿ ಸಂಗಡಿಗರೂ ಮ್ಯಾಟರ್‌ಹಾರ್ನನ್ನು ಮೊದಲ ಬಾರಿಗೆ ಏರಿದರು. ಇಳಿಯುವಾಗ ಹಗ್ಗ ಹರಿದು ನಾಲ್ವರು ಪ್ರಪಾತಕ್ಕೆ ಬಿದ್ದು ಸತ್ತರು. ಉಳಿದವರು ಮೂವರು: ವಿಂಪರ್, ಮತ್ತು ಜರ್ಮಾಟಿನವರೇ ಆದ ಟೌಗ್ವಾಲ್ಡರ್ ಎಂಬ ತಂದೆ ಮತ್ತು ಮಗ. ಆ ಹರಿದ ಹಗ್ಗ ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಈ ದುರಂತವೇ ಊರಿನ ಹೆಸರನ್ನು ಯುರೋಪಿನ ಮನೆಮನೆಗೆ ಮುಟ್ಟಿಸಿತು. 1891ರಲ್ಲಿ ವಿಸ್ಪ್ ಪಟ್ಟಣದಿಂದ ಜರ್ಮಾಟಿಗೆ ರೈಲು ಬಂತು. 1898ರಲ್ಲಿ ಅಲ್ಲಿಂದ ಮೇಲಕ್ಕೆ, 3,089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್ ದಿಣ್ಣೆಗೆ, ವಿದ್ಯುತ್ತಿನಿಂದ ಓಡುವ ಹಲ್ಲುಹಳಿಯ ರೈಲು ಸಿದ್ಧವಾಯಿತು. ಈಗ ಊರಿನ ಕಾಯಂ ನಿವಾಸಿಗಳು ಆರು ಸಾವಿರಕ್ಕಿಂತ ಕಡಿಮೆ. ಪ್ರವಾಸಿಗಳೋ ಅವರ ಹಲವು ಪಟ್ಟು.

ಪೆಟ್ರೋಲಿನಿಂದ ಓಡುವ ಖಾಸಗಿ ಕಾರುಗಳಿಗೆ ಜರ್ಮಾಟಿನಲ್ಲಿ ಪ್ರವೇಶವಿಲ್ಲ. ಕಾರಿನಲ್ಲಿ ಬಂದವರು ಸುಮಾರು ಐದು ಕಿಲೋಮೀಟರ್ ಕೆಳಗಿರುವ ಟೆಷ್ ಎಂಬ ಊರಿನಲ್ಲಿ ಅದನ್ನು ನಿಲ್ಲಿಸಿ ರೈಲು ಹತ್ತಬೇಕು. ಊರೊಳಗೆ ಓಡುವುದು ಬ್ಯಾಟರಿಯ ಪುಟ್ಟ ಬಂಡಿಗಳು ಮತ್ತು ಕುದುರೆ ಗಾಡಿಗಳು. ಆದುದರಿಂದ ಇಲ್ಲಿ ದಿನದ ಪ್ರವಾಸವೆಂದರೆ ಬಹುಮಟ್ಟಿಗೆ ರೈಲಿನ ಪ್ರವಾಸವೇ. ವೇಳಾಪಟ್ಟಿಯನ್ನು ಓದಬಲ್ಲವನಿಗೆ ಆ ನಾಡು ತಾನಾಗಿ ತೆರೆದುಕೊಳ್ಳುತ್ತದೆ.

ವಿಸ್ಪ್: ನೀರಿನ ಲೆಕ್ಕದ ಊರು

ಜರ್ಮಾಟಿನಿಂದ ಹೊರಟ ರೈಲು ಸುಮಾರು 35 ಕಿಲೋಮೀಟರ್ ದೂರವನ್ನು ಒಂದು ಗಂಟೆ ಹತ್ತು ನಿಮಿಷಗಳಲ್ಲಿ ಕ್ರಮಿಸಿ ವಿಸ್ಪ್ ಸೇರುತ್ತದೆ. ಹೆಸರನ್ನು ಹೀಗೆ ಬರೆದರೂ ಅಲ್ಲಿಯವರ ಬಾಯಲ್ಲಿ ಅದು 'ಫಿಸ್ಪ್'. ಅಷ್ಟು ದೂರದಲ್ಲಿ ರೈಲು 950 ಮೀಟರಿನಷ್ಟು ಕೆಳಗಿಳಿಯುತ್ತದೆ. ಕೆಲವೆಡೆ ಎಂಟು ಅಡಿಗೆ ಒಂದು ಅಡಿಯ ಇಳಿಜಾರು. ಅಂಥ ಕಡೆ ಎರಡು ಹಳಿಗಳ ನಡುವೆ ಹಲ್ಲಿನ ಮೂರನೆಯ ಹಳಿಯಿದ್ದು, ಎಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿ ಹಿಡಿದು ಜಾರದಂತೆ ಇಳಿಯುತ್ತದೆ.

ಹಿಮದ ನಾಡಿನಿಂದ ಇಳಿದು ಬಂದವರಿಗೆ ವಿಸ್ಪಿನಲ್ಲಿ ಕಾಣುವುದು ಒಣಗಿದ ಬೆಟ್ಟಗಳು ಮತ್ತು ದ್ರಾಕ್ಷಿಯ ತೋಟಗಳು. ಇದಕ್ಕೆ ಕಾರಣ ಸುಲಭ. ಉತ್ತರಕ್ಕೂ ದಕ್ಷಿಣಕ್ಕೂ ನಿಂತ ಎತ್ತರದ ಸಾಲುಗಳು ಮೋಡಗಳ ನೀರನ್ನೆಲ್ಲ ತಾವೇ ಹೀರಿಕೊಳ್ಳುತ್ತವೆ. ನಡುವಣ ಕಣಿವೆ ಮಳೆಯ ನೆರಳಿನಲ್ಲಿ ಉಳಿಯುತ್ತದೆ. ವಿಸ್ಪಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನಮ್ಮ ಬಯಲುಸೀಮೆಯ ರೈತನಿಗೆ ಈ ಅಂಕಿ ಚೆನ್ನಾಗಿ ಅರ್ಥವಾಗುತ್ತದೆ.

ಮಳೆ ಕಡಿಮೆಯಾದಲ್ಲಿ ಮನುಷ್ಯನ ಬುದ್ಧಿ ಚುರುಕಾಗುತ್ತದೆ. ಈ ಸೀಮೆಯ ರೈತರು ಶತಮಾನಗಳ ಹಿಂದೆಯೇ ಹಿಮನದಿಗಳು ಕರಗಿದ ನೀರನ್ನು ಬಂಡೆಯ ಪಕ್ಕೆಯಲ್ಲಿ ಕೊರೆದ ಕಾಲುವೆಗಳಿಂದಲೂ ಮರದ ದೋಣಿಗಳಿಂದಲೂ ಮೈಲಿಗಟ್ಟಲೆ ತಂದು ಹೊಲಗಳಿಗೆ ಹಾಯಿಸಿಕೊಂಡರು. ಜರ್ಮನ್ ಭಾಗದವರು ಇವನ್ನು ಸೂವನ್ ಎಂದೂ, ಫ್ರೆಂಚ್ ಭಾಗದವರು ಬಿಸ್ ಎಂದೂ ಕರೆಯುತ್ತಾರೆ. ಯಾರಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಮರದ ತುಂಡುಗಳ ಮೇಲೆ ಕಚ್ಚು ಹಾಕಿ ಗುರುತಿಡುತ್ತಿದ್ದರು. ಕೆರೆಯ ಕೆಳಗಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನಮ್ಮ ನೀರುಗಂಟಿಯನ್ನು ಬಲ್ಲವರು ಆ ಕಚ್ಚುಗಳನ್ನು ಬೇಗ ಓದಿಯಾರು. ಇಂಥ ಸಾಂಪ್ರದಾಯಿಕ ನೀರಾವರಿಯ ಜ್ಞಾನವನ್ನು 2023ರಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಸ್ಪಿನಿಂದ ಬಸ್ಸಿನಲ್ಲಿ ಮೇಲೇರಿದರೆ ವಿಸ್ಪರ್‌ಟರ್ಮಿನನ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಯ ದ್ರಾಕ್ಷಿ ತೋಟಗಳು ಮೆಟ್ಟಿಲು ಮೆಟ್ಟಿಲಾಗಿ 1,150 ಮೀಟರ್ ಎತ್ತರದವರೆಗೂ ಏರಿವೆ. ಯುರೋಪಿನ ಅತಿ ಎತ್ತರದ ದ್ರಾಕ್ಷಿ ತೋಟಗಳಲ್ಲಿ ಇವೂ ಸೇರಿವೆ.

ವಿಸ್ಪ್ ಬರಿಯ ರೈತರ ಊರಲ್ಲ. ಬೆಟ್ಟದ ನೀರಿನಿಂದ ವಿದ್ಯುತ್ತು ತೆಗೆಯಬಹುದೆಂದು ತಿಳಿದ ಮೇಲೆ ಈ ಕಣಿವೆಗೆ ರಸಾಯನ ಕೈಗಾರಿಕೆ ಬಂತು. 1897ರಲ್ಲಿ ಹತ್ತಿರದ ಗಾಂಪೆಲ್‌ನಲ್ಲಿ ಪ್ರಾರಂಭವಾದ ಲೋಂಜಾ ಕಂಪನಿ, ಪಕ್ಕದ ಹೊಳೆಯ ಹೆಸರನ್ನೇ ಇಟ್ಟುಕೊಂಡು ಬೆಳೆದು, ವಿಸ್ಪಿನಲ್ಲಿ ದೊಡ್ಡ ಕಾರ್ಖಾನೆಯನ್ನು ಹೂಡಿತು. 2021ರಲ್ಲಿ ಕೊರೋನಾ ರೋಗಕ್ಕೆ ಮಾಡೆರ್ನಾ ಲಸಿಕೆಯ ಮೂಲವಸ್ತುವನ್ನು ಇಲ್ಲಿ ತಯಾರಿಸಿದರು. 2007ರಲ್ಲಿ 34.6 ಕಿಲೋಮೀಟರ್ ಉದ್ದದ ಲೋಷ್‌ಬರ್ಗ್ ತಳಸುರಂಗ ತೆರೆದ ಮೇಲೆ ವಿಸ್ಪಿನಿಂದ ರಾಜಧಾನಿ ಬರ್ನ್ ನಗರಕ್ಕೆ ಒಂದು ಗಂಟೆಯೂ ಬೇಡ. ಹೀಗೆ ಪ್ರವಾಸಿಗಳು ರೈಲು ಬದಲಿಸಲು ಮಾತ್ರ ಇಳಿಯುವ ಈ ಪಟ್ಟಣ, ನಿಂತು ನೋಡಿದವರಿಗೆ ಒಂದು ಇಡೀ ಪಾಠ.

ಬ್ರಿಗ್: ಕಣಿವೆಯ ಬಾಗಿಲು ಕಾಯ್ದ ಊರು

ವಿಸ್ಪಿನಿಂದ ರೋನ್ ನದಿಯ ದಂಡೆಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಬ್ರಿಗ್. ಜರ್ಮಾಟಿನಿಂದ ಒಟ್ಟು ಒಂದೂವರೆ ಗಂಟೆಯ ದಾರಿ. ಊರಿನ ಮೇಲೆ ಎದ್ದು ಕಾಣುವುದು ಈರುಳ್ಳಿಯಾಕಾರದ ಚಿನ್ನದ ಬಣ್ಣದ ಗುಮ್ಮಟಗಳನ್ನು ಹೊತ್ತ ಮೂರು ಗೋಪುರಗಳು. ಇವು ಕಾಸ್ಪರ್ ಯೋಡೋಕ್ ಫಾನ್ ಸ್ಟಾಕಾಲ್ಪರ್ (1609–1691) ಎಂಬ ವ್ಯಾಪಾರಿಯ ಅರಮನೆಯವು. ಬ್ರಿಗ್‌ನಿಂದ ದಕ್ಷಿಣಕ್ಕೆ 2,005 ಮೀಟರ್ ಎತ್ತರದ ಸಿಂಪ್ಲನ್ ಕಣಿವೆದಾರಿಯನ್ನು ದಾಟಿದರೆ ಇಟಲಿ. ಆ ದಾರಿಯಲ್ಲಿ ಹೇಸರಗತ್ತೆಗಳ ಮೇಲೆ ಸಾಗುವ ಸರಕನ್ನೂ, ಕಣಿವೆಗೆ ಬೇಕಾದ ಉಪ್ಪಿನ ಏಕಸ್ವಾಮ್ಯವನ್ನೂ, ಪರರಾಜರ ಸೈನ್ಯಕ್ಕೆ ಆಳುಗಳನ್ನು ಒದಗಿಸುವ ಗುತ್ತಿಗೆಯನ್ನೂ ಹಿಡಿದು ಆತ ಅಪಾರ ಐಶ್ವರ್ಯವನ್ನು ಗಳಿಸಿದ. ಆದರೆ ಲಕ್ಷ್ಮಿ ಚಂಚಲೆ. ಅವನ ಏಳಿಗೆಯನ್ನು ಸಹಿಸದ ಪ್ರಾಂತದ ಪ್ರಮುಖರು ಅವನ ಹಕ್ಕುಗಳನ್ನು ಕಸಿದರು. 1679ರಲ್ಲಿ ಆತ ತಾನು ಆಳಿದ ಅದೇ ಕಣಿವೆದಾರಿಯಿಂದ ಇಟಲಿಯ ಕಡೆಗೆ ಓಡಿಹೋಗಿ, 1685ರವರೆಗೆ ಅಲ್ಲಿಯೇ ಇರಬೇಕಾಯಿತು. ಈಗ ಆ ಅರಮನೆಯಲ್ಲಿ ಊರಿನ ಪುರಸಭೆಯ ಕಚೇರಿಗಳಿವೆ.

ಕಣಿವೆದಾರಿಯ ಮಹತ್ವ ಅವನೊಂದಿಗೆ ಮುಗಿಯಲಿಲ್ಲ. ತನ್ನ ತೋಪುಗಳು ದಾಟಲೆಂದು ನೆಪೋಲಿಯನ್ ಮಾಡಿಸಿದ ರಸ್ತೆ 1805ರಲ್ಲಿ ಮುಗಿಯಿತು. ಆಮೇಲೆ ಬೆಟ್ಟವನ್ನೇ ಕೊರೆದರು. 19.8 ಕಿಲೋಮೀಟರ್ ಉದ್ದದ ಸಿಂಪ್ಲನ್ ಸುರಂಗದಲ್ಲಿ 1906ರಲ್ಲಿ ರೈಲು ಓಡಿತು. ಬಹುಕಾಲ ಅದು ಪ್ರಪಂಚದ ಅತ್ಯಂತ ಉದ್ದದ ಪರ್ವತ ಸುರಂಗವೆನಿಸಿತ್ತು. ಒಳಗಿನ ಬಂಡೆಯ ಶಾಖ 50 ಡಿಗ್ರಿಯನ್ನು ಮೀರಿತ್ತು. ಆ ಶಾಖದಲ್ಲಿ ದುಡಿದವರು ಬಹುಪಾಲು ಇಟಲಿಯ ಕೂಲಿಗಾರರು. ಅವರ ಕುಟುಂಬಗಳು ಬ್ರಿಗ್‌ಗೆ ಎದುರಿಗಿರುವ ನಾಟರ್ಸ್‌ನಲ್ಲಿ ನೆಲೆಸಿದ್ದುವು.

ಬ್ರಿಗ್‌ಗೆ ಬೆಟ್ಟ ಕೊಟ್ಟದ್ದು ಭಾಗ್ಯವನ್ನು ಮಾತ್ರವಲ್ಲ. 1993ರ ಸೆಪ್ಟೆಂಬರ್ 24ರಂದು ಸಾಲ್ಟಿನಾ ಎಂಬ ತೊರೆ ಉಕ್ಕಿ, ಹೊತ್ತು ತಂದ ಕಲ್ಲುಮಣ್ಣನ್ನು ಸೇತುವೆಯ ಬಳಿ ಒಟ್ಟಿ, ದಂಡೆ ಮೀರಿ ಊರೊಳಗೆ ನುಗ್ಗಿತು. ಆಮೇಲೆ ಅಲ್ಲಿ ಕಟ್ಟಿದ ಹೊಸ ಸೇತುವೆ ಪ್ರವಾಹ ಬಂದಾಗ ನೀರಿನ ಬಲದಿಂದಲೇ ಮೇಲಕ್ಕೆ ಏಳುವಂತಿದೆ.

ಡೊಮೊಡೊಸ್ಸೊಲಾ: ಸುರಂಗದ ಆಚೆಯ ಊರು

ಬ್ರಿಗ್‌ನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಇಟಲಿಯ ಡೊಮೊಡೊಸ್ಸೊಲಾ. ಸುರಂಗದ ಕತ್ತಲೆಯೊಳಗೇ ದೇಶದ ಗಡಿ ದಾಟಿ ಹೋಗುತ್ತದೆ. ಹತ್ತುವಾಗ ಜರ್ಮನ್ ಭಾಷೆ, ಫ್ರಾಂಕ್ ನಾಣ್ಯ. ಇಳಿಯುವಾಗ ಇಟಾಲಿಯನ್ ಭಾಷೆ, ಯೂರೊ ನಾಣ್ಯ. ಶನಿವಾರ ಹೋದರೆ ಸಂತೆ ಸಿಗುತ್ತದೆ. ಸುತ್ತಲೂ ಕಮಾನುಗಳ ಪಡಸಾಲೆಯಿರುವ ಹಳೆಯ ಪೇಟೆ ಚೌಕವೂ, ಊರ ಹೊರಗಿನ ಗುಡ್ಡದ ಮೇಲೆ ಕ್ರಿಸ್ತನ ಕಡೆಯ ಯಾತ್ರೆಯನ್ನು ನೆನಪಿಸುವ ಗುಡಿಗಳ ಸಾಲೂ ನೋಡತಕ್ಕವು. ಈ ಗುಡ್ಡ 2003ರಿಂದ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿದೆ.

ಈ ಊರಿನ ಎರಡು ನೆನಪುಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಮೊದಲನೆಯದು 1910ರ ಸೆಪ್ಟೆಂಬರ್ 23ರದು. ಪೆರು ದೇಶದ ತಂದೆತಾಯಿಗಳಿಗೆ ಹುಟ್ಟಿದ ಹೋರ್ಹೆ ಚಾವೆಸ್ ಎಂಬ 23 ವರ್ಷದ ತರುಣ ಬ್ರಿಗ್‌ನ ಬಳಿಯಿಂದ ವಿಮಾನವೇರಿ, ಆಲ್ಪ್ಸನ್ನು ಗಾಳಿಯಲ್ಲಿ ದಾಟಿದ ಮೊದಲಿಗನಾದ. ಡೊಮೊಡೊಸ್ಸೊಲಾದಲ್ಲಿ ನೆಲ ಮುಟ್ಟುವ ಕ್ಷಣದಲ್ಲಿ ವಿಮಾನ ಮುರಿದು ಬಿತ್ತು. ನಾಲ್ಕು ದಿನಗಳ ಮೇಲೆ ಆತ ತೀರಿಕೊಂಡ. ಎರಡನೆಯದು 1944ರದು. ಜರ್ಮನ್ ಸೈನ್ಯವನ್ನೂ ಫ್ಯಾಸಿಸ್ಟರನ್ನೂ ಹೊರಗಟ್ಟಿ ಈ ಸೀಮೆಯ ಜನ ತಮ್ಮದೇ ಒಂದು ಪ್ರಜಾರಾಜ್ಯವನ್ನು ಸ್ಥಾಪಿಸಿದರು. ಅದು ಬಾಳಿದ್ದು ಸುಮಾರು ನಲವತ್ತು ದಿನ. ಅದು ಬಿದ್ದಾಗ ಸಾವಿರಾರು ಜನ, ಅವರಲ್ಲಿ ಅನೇಕ ಮಕ್ಕಳು, ಸ್ವಿಟ್ಜರ್ಲೆಂಡಿಗೆ ವಲಸೆ ಹೋಗಿ ಜೀವ ಉಳಿಸಿಕೊಂಡರು.

ರಾರೊನ್, ಸಿಯೋನ್: ಭಾಷೆ ಬದಲಾಗುವ ದಾರಿ

ಇನ್ನೊಂದು ದಿನ ವಿಸ್ಪಿನಿಂದ ಪಶ್ಚಿಮಕ್ಕೆ ತಿರುಗೋಣ. ಮೊದಲು ಸಿಗುವುದು ರಾರೊನ್. ಅಲ್ಲಿ ಬಂಡೆಯ ಮೇಲೆ ನಿಂತ ಚರ್ಚಿನ ಗೋಡೆಯ ಪಕ್ಕದಲ್ಲಿ ಜರ್ಮನ್ ಕವಿ ರೈನರ್ ಮರಿಯಾ ರಿಲ್ಕೆಯ ಸಮಾಧಿಯಿದೆ. ಆತ 1921ರಿಂದ ಈ ಕಣಿವೆಯ ಸಿಯೇರ್ ಪಟ್ಟಣದ ಬಳಿ ಮ್ಯುಜೋ ಎಂಬ ಹಳೆಯ ಕಲ್ಲಿನ ಮನೆಯಲ್ಲಿದ್ದು, 1922ರ ಫೆಬ್ರವರಿಯಲ್ಲಿ ತನ್ನ ದುಯಿನೋ ಶೋಕಗೀತೆಗಳನ್ನು ಅಲ್ಲಿಯೇ ಮುಗಿಸಿದ. 1926ರ ಡಿಸೆಂಬರಿನಲ್ಲಿ ತೀರಿಕೊಂಡ ಅವನನ್ನು, ಅವನ ಇಚ್ಛೆಯಂತೆ, 1927ರ ಜನವರಿಯಲ್ಲಿ ರಾರೊನ್‌ನಲ್ಲಿ ಮಣ್ಣು ಮಾಡಿದರು.

ಸಿಯೇರಿನ ಬಳಿ ರಾಸ್ಪಿಯ್ ಎಂಬ ಚಿಕ್ಕ ತೊರೆಯೊಂದಿದೆ. ಅದರ ಪೂರ್ವಕ್ಕೆ ಜರ್ಮನ್, ಪಶ್ಚಿಮಕ್ಕೆ ಫ್ರೆಂಚ್. ಅಲ್ಲಿ ಗೋಡೆಯೂ ಇಲ್ಲ, ಕಾವಲೂ ಇಲ್ಲ. ಪ್ರಾಂತದ ರಾಜಧಾನಿ ಸಿಯೋನ್ ಫ್ರೆಂಚ್ ಭಾಗದಲ್ಲಿದೆ. ವಿಸ್ಪಿನಿಂದ ಅರ್ಧ ಗಂಟೆಯ ಪ್ರಯಾಣ. ಜರ್ಮನರು ಈ ಊರನ್ನು ಸಿಟ್ಟನ್ ಎನ್ನುತ್ತಾರೆ. ಬಯಲಿನ ನಡುವೆ ಜೋಡಿ ಗುಡ್ಡಗಳು ಎದ್ದಿವೆ. ಒಂದರ ಮೇಲೆ 1788ರ ಬೆಂಕಿಯಲ್ಲಿ ಹಾಳಾದ ಟೂರ್ಬಿಯೋನ್ ಕೋಟೆ. ಇನ್ನೊಂದರ ಮೇಲೆ ವಾಲೇರ್ ಚರ್ಚು. ಆ ಚರ್ಚಿನಲ್ಲಿರುವ ಆರ್ಗನ್ ವಾದ್ಯ ಹದಿನೈದನೆಯ ಶತಮಾನದ್ದು. ಇಂದಿಗೂ ನುಡಿಸಬಹುದಾದ ಪ್ರಪಂಚದ ಅತಿ ಹಳೆಯ ಆರ್ಗನ್‌ಗಳಲ್ಲಿ ಅದೂ ಒಂದು. ಒಂದು ಕಾಲದಲ್ಲಿ ಮೇಲಿನ ಕಣಿವೆಯ ಜರ್ಮನರು ಕೆಳಗಿನ ಕಣಿವೆಯ ಫ್ರೆಂಚರನ್ನು ಪ್ರಜೆಗಳಂತೆ ಆಳುತ್ತಿದ್ದರು. 1475ರ ಯುದ್ಧದಿಂದ ತೊಡಗಿದ ಆ ಆಳ್ವಿಕೆ 1798ರಲ್ಲಿ ಕೊನೆಗೊಂಡಿತು. ಈಗ ಎರಡು ಭಾಷೆಗಳಿಗೂ ಒಂದೇ ಪ್ರಾಂತ, ಒಂದೇ ಶಾಸನಸಭೆ.

ಬೆಟ್ಟದ ಮೇಲಿನಿಂದಲೇ ಆಚೆಗೆ

ಓಣಿಯ ಕೊನೆಯ ಮನೆಗೆ ಹಿತ್ತಿಲ ಬಾಗಿಲೂ ಒಂದಿದೆ. ಜರ್ಮಾಟಿನಿಂದ ತಂತಿಯ ಮೇಲೆ ತೂಗಿ ಹೋಗುವ ತೊಟ್ಟಿಲುಗಳಲ್ಲಿ 3,883 ಮೀಟರಿನ ಎತ್ತರಕ್ಕೆ ಏರಬಹುದು. 2023ರ ಜುಲೈಯಿಂದ ಅಲ್ಲಿಂದ ಗಡಿಯ ಮೇಲಿನ ಟೆಸ್ತಾ ಗ್ರಿಜಾಕ್ಕೂ ತಂತಿದಾರಿಯಾಗಿದ್ದು, ಕಾಲಿಗೆ ಹಿಮಪಾದುಕೆ ಕಟ್ಟದವರೂ ಇಟಲಿಯ ಬ್ರೊಯಿ-ಚೆರ್ವಿನಿಯಾ ಊರಿಗೆ ಇಳಿದು ಅದೇ ದಿನ ಹಿಂದಿರುಗಬಹುದು. ವಿಂಪರ್ ಏರಿದ ಮೂರೇ ದಿನಗಳ ಮೇಲೆ, 1865ರ ಜುಲೈ 17ರಂದು, ಜಾನ್ ಆಂತ್ವಾನ್ ಕಾರೆಲ್ ಎಂಬ ಇಟಲಿಯ ಮಾರ್ಗದರ್ಶಿ ಮ್ಯಾಟರ್‌ಹಾರ್ನನ್ನು ಏರಿದ್ದು ಈ ಊರಿನ ಕಡೆಯಿಂದಲೇ.

ಅವ್ವ ಕೇಳಿದ ಪ್ರಶ್ನೆ

ನನ್ನ ಪ್ರಬಂಧ ಮೊದಲು ಇಲ್ಲಿಗೇ ಮುಗಿದಿತ್ತು. ಅಧ್ಯಾಪಕರಿಗೆ ಒಪ್ಪಿಸುವ ಹಿಂದಿನ ರಾತ್ರಿ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಾನು ಓದುವುದನ್ನು ಕೇಳುವುದೆಂದರೆ ನನ್ನ ತಾಯಿಗೆ ಸಂತೋಷ. ಸೊಪ್ಪು ಬಿಡಿಸುತ್ತ ಕೊನೆಯವರೆಗೂ ಕೇಳಿದಳು. ಆಮೇಲೆ ಹೇಳಿದಳು:

"ಎಲ್ಲಾ ಚೆನ್ನಾಗೈತೆ ಮಗ. ಮೇಲಿದ್ದೋರು ದಿನಾ ಕೆಳಗಿಳಿದು ನೋಡ್ಕಂಡ್ ಬತ್ತಾರೆ. ಅವರು ಬರೋ ಹೊತ್ತಿಗೆ ಹಾಸಿಗೆ ಹಾಸಿ, ಪಾತ್ರೆ ತೊಳೆದು ಇಟ್ಟಿರೋರು ಎಲ್ಲಿಂದ ಬತ್ತಾರೆ? ಅವರಿಗೂ ಆ ರೈಲೇನಾ?"

ನಾನು ಉತ್ತರ ಕೊಡಲಾಗದೆ ಕುಳಿತೆ. ಹತ್ತು ಪುಟ ಬರೆದಿದ್ದೆ, ಇದನ್ನು ಬರೆದಿರಲಿಲ್ಲ. ಅದೂ ಯಾರ ಮಗನಾಗಿದ್ದುಕೊಂಡು! ಮರುದಿನ ಅಧ್ಯಾಪಕರನ್ನು ಕಂಡು ಒಂದು ವಾರದ ಅವಕಾಶ ಕೇಳಿಕೊಂಡೆ. ಅವರು ಕಾರಣವನ್ನು ಕೇಳಿ, "ಅದೇ ಭೂಗೋಳದ ಪ್ರಶ್ನೆ. ಹುಡುಕು" ಎಂದರು.

ಹುಡುಕಿದಾಗ ತಿಳಿದುದು ಇಷ್ಟು. ಜರ್ಮಾಟಿನ ಹೋಟೆಲುಗಳಲ್ಲಿ, ಅಡಿಗೆಮನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು. ಪೋರ್ಚುಗಲ್ ದೇಶದಿಂದ ಬಂದ ಅನೇಕ ಕುಟುಂಬಗಳು ಟೆಷ್, ಸಾಂಕ್ಟ್ ನಿಕ್ಲಾಸ್ ಮೊದಲಾದ ಕೆಳಗಿನ ಹಳ್ಳಿಗಳಲ್ಲಿ ನೆಲೆಸಿವೆ. ಜರ್ಮಾಟಿನಲ್ಲಿ ಮನೆಯ ಬಾಡಿಗೆ ಕೂಲಿಯವರ ಕೈಗೆ ಎಟುಕುವಂತಿಲ್ಲ. ಸಿರಿವಂತರು ವರ್ಷಕ್ಕೆ ಕೆಲವೇ ವಾರ ತಂಗಲು ಕೊಂಡಿಟ್ಟ ಮನೆಗಳು ಅಲ್ಲಿ ಬಹಳ. ಇಂಥ ಎರಡನೆಯ ಮನೆಗಳು ಯಾವ ಊರಿನಲ್ಲೂ ನೂರಕ್ಕೆ 20ನ್ನು ಮೀರಬಾರದೆಂದು 2012ರಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ತೀರ್ಮಾನಿಸಿದರು. ವಾಲೇ ಪ್ರಾಂತದ ಮತದಾರರಲ್ಲಿ ಬಹುಸಂಖ್ಯಾತರು ಮಾತ್ರ ಅದನ್ನು ವಿರೋಧಿಸಿದ್ದರು. ಕಟ್ಟಡದ ಕೆಲಸವೇ ಅವರಲ್ಲಿ ಅನೇಕರ ಅನ್ನವಾಗಿತ್ತು. ಅತ್ತ ಡೊಮೊಡೊಸ್ಸೊಲಾದ ಸೀಮೆಯಿಂದ ಇಟಲಿಯ ದುಡಿಮೆಗಾರರು ಪ್ರತಿದಿನ ಬೆಳಗಿನ ರೈಲಿನಲ್ಲಿ ಸಿಂಪ್ಲನ್ ಸುರಂಗವನ್ನು ದಾಟಿ ವಾಲೇ ಪ್ರಾಂತಕ್ಕೆ ಕೆಲಸಕ್ಕೆ ಬಂದು ಸಂಜೆ ಹಿಂದಿರುಗುತ್ತಾರೆ. ನನ್ನ ಪ್ರವಾಸಿ ಸಂತೆ ನೋಡಲು ಹೋದ ಅದೇ ಸುರಂಗ ಇವರಿಗೆ ಹೊಟ್ಟೆಪಾಡಿನ ದಾರಿ.

ಹೊರಗಿನವರ ಈ ಕಥೆ ಹೊಸದೂ ಅಲ್ಲ. ಜರ್ಮಾಟಿನ ಹೋಟೆಲ್ ಉದ್ಯಮಕ್ಕೆ ಅಡಿಪಾಯ ಹಾಕಿದ ಅಲೆಕ್ಸಾಂಡರ್ ಸೈಲರ್ ಸಾಬೂನು ಮಾಡುವ ಕಸಬಿನವರು. ರೋನ್ ಕಣಿವೆಯ ಮೇಲ್ಭಾಗದಿಂದ ಬಂದು 1850ರ ದಶಕದಲ್ಲಿ ಇಲ್ಲೊಂದು ಚಿಕ್ಕ ತಂಗುಮನೆಯನ್ನು ಹಿಡಿದವರು. ಅವರಿಂದ ಊರು ಬೆಳೆದರೂ ಊರವರು ಅವರನ್ನು ತಮ್ಮವರೆಂದು ಒಪ್ಪಲಿಲ್ಲ. ಗ್ರಾಮದ ಹಕ್ಕುದಾರರಲ್ಲಿ ಒಬ್ಬರಾಗಲು ಅವರು ವರ್ಷಗಟ್ಟಲೆ ವ್ಯಾಜ್ಯ ನಡೆಸಬೇಕಾಯಿತು. 1889ರಲ್ಲಿ ಹಕ್ಕು ದೊರೆಯಿತು. 1891ರಲ್ಲಿ ಅವರು ತೀರಿಕೊಂಡರು. ಕಣಿವೆಯ ರೈಲು ಜರ್ಮಾಟ್ ಮುಟ್ಟಿದ್ದೂ ಅದೇ ವರ್ಷ.

ಈ ರೈಲುದಾರಿ ಎಷ್ಟು ಸಣ್ಣ ದಾರವೆಂಬುದನ್ನು ಪ್ರಕೃತಿ ಎರಡು ಬಾರಿ ತೋರಿಸಿಕೊಟ್ಟಿತು. 1991ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಟೆಷ್‌ನ ಕೆಳಗಿನ ರಾಂಡಾ ಗ್ರಾಮದ ಬಳಿ ಬೆಟ್ಟದ ಪಕ್ಕೆ ಕುಸಿದು, ಸುಮಾರು ಮೂರು ಕೋಟಿ ಘನಮೀಟರ್ ಬಂಡೆ ರೈಲುಹಳಿಯನ್ನು ಮುಚ್ಚಿ ಹೊಳೆಯನ್ನು ತಡೆಯಿತು. ನಿಂತ ನೀರು ಹಳ್ಳಿಗೆ ನುಗ್ಗಿತು. 2018ರ ಜನವರಿಯಲ್ಲಿ ಭಾರಿ ಹಿಮಪಾತದಿಂದ ರಸ್ತೆಯೂ ರೈಲೂ ಮುಚ್ಚಿಹೋಗಿ ಸುಮಾರು 13,000 ಪ್ರವಾಸಿಗಳು ಜರ್ಮಾಟಿನಲ್ಲಿ ಸಿಕ್ಕಿಕೊಂಡರು. ಕೆಲವರನ್ನು ಹೆಲಿಕಾಪ್ಟರುಗಳಲ್ಲಿ ಟೆಷ್‌ಗೆ ಇಳಿಸಬೇಕಾಯಿತು. ಪ್ರವಾಸಿಗಳ ಸಂಖ್ಯೆ ವರದಿಗಳಲ್ಲಿತ್ತು. ದಾರಿ ಮುಚ್ಚಿದುದರಿಂದ ಅಂದು ಕೆಲಸಕ್ಕೆ ಬರಲಾಗದವರು ಎಷ್ಟು ಜನ, ಮನೆಗೆ ಹೋಗಲಾಗದವರು ಎಷ್ಟು ಜನ ಎಂಬ ಅಂಕಿಯನ್ನು ಮಾತ್ರ ನಾನು ಓದಿದ ವರದಿಗಳಲ್ಲಿ ಕಾಣಲಿಲ್ಲ.

ಉಪಸಂಹಾರ

ಇಷ್ಟನ್ನು ಸೇರಿಸಿ ಪ್ರಬಂಧವನ್ನು ಒಪ್ಪಿಸಿದೆ. ಈ ಅಭ್ಯಾಸದಿಂದ ನನಗೆ ತಿಳಿದ ಸಂಗತಿಯನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಒಂದು ವಿಹಾರಧಾಮದ ಎಲ್ಲೆ ನಕ್ಷೆಯಲ್ಲಿ ಬರೆದ ಗೆರೆಯಲ್ಲ. ಅಲ್ಲಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ದೂರವೆಷ್ಟೋ, ಅಲ್ಲಿಗೆ ಒಂದು ದಿನದಲ್ಲಿ ಬಂದು ಹೋಗಬಹುದಾದ ದೂರವೆಷ್ಟೋ, ಅಷ್ಟೂ ಆ ಊರಿಗೆ ಸೇರಿದ್ದೇ. ಜರ್ಮಾಟನ್ನು ಅರಿಯಬೇಕಾದರೆ ವಿಸ್ಪಿನ ನೀರನ್ನು, ಬ್ರಿಗ್‌ನ ಕಣಿವೆದಾರಿಯನ್ನು, ಡೊಮೊಡೊಸ್ಸೊಲಾದ ಬೆಳಗಿನ ರೈಲನ್ನು, ಟೆಷ್‌ನ ಬಾಡಿಗೆ ಮನೆಗಳನ್ನು ಅರಿಯಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮಗೆಲ್ಲರಿಗೂ ಬಾಯಿಪಾಠ. ಬೆಟ್ಟ ನುಣ್ಣಗೆ ಕಾಣುವುದು ದೂರದಿಂದ ಮಾತ್ರವಲ್ಲ. ಅದರ ಮೇಲಿನ ಕಿಟಕಿಯಲ್ಲಿ ಕುಳಿತು ನೋಡಿದರೂ ಹಾಗೆಯೇ ಕಾಣುತ್ತದೆಂಬುದನ್ನು ನಾನು ಈಗ ಕಲಿತೆ.

ಇನ್ನೊಂದು ಮಾತು. ಪರದೇಶದ ಊರನ್ನು ಓದುವ ಕ್ರಮದಿಂದಲೇ ನಮ್ಮ ಊರನ್ನೂ ಓದಬಹುದು. ನಮ್ಮ ಗುಡ್ಡದ ಬಸ್ಸಿನಲ್ಲಿ ಬೆಳಿಗ್ಗೆ ಮೇಲೇರುವವರು ಎಷ್ಟು ಜನ, ಯಾವ ಹಳ್ಳಿಯವರು, ಕಡೆಯ ಬಸ್ಸು ತಪ್ಪಿದ ದಿನ ಅವರು ಮನೆ ಸೇರುವುದು ಹೇಗೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದ್ದೇನೆ. ಮೊದಲ ಹಾಳೆಗೆ ಬೇಕಾದ ವಿವರಗಳನ್ನೆಲ್ಲ ಕೊಟ್ಟವಳು ನನ್ನ ತಾಯಿ. ಬಿ. ಎ. ಮುಗಿದ ಮೇಲೆ ಮುಂದಿನ ಓದಿಗೆ ಅನುಕೂಲವಾದೀತೋ ಇಲ್ಲವೋ, ಈ ಕೆಲಸವನ್ನಂತೂ ಬಿಡಬಾರದೆಂದಿದ್ದೇನೆ.